ಜೋನಿಬೆಲ್ಲದ ಭರಣಿ, ಮೆಗ್ನೀಸಿಯಂನ ನಕ್ಷೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಡುಗೆಮನೆಗಳಿಗೆ ಜೋನಿಬೆಲ್ಲ ಹೊಸತಲ್ಲ. ದೋಸೆಗೆ ನೆಂಚಿಕೊಳ್ಳುವ ಆ ಕಂದು ಪಾಕವನ್ನು ಭರಣಿಯಲ್ಲಿ ತುಂಬಿ ಕೆಲವು ತಿಂಗಳು ಬಿಟ್ಟು ನೋಡಿ. ಮೇಲೆ ತೆಳ್ಳಗಿನ ರಸ, ತಳದಲ್ಲಿ ಮರಳಿನಂಥ ಹರಳು. ಪಾತ್ರೆಗೆ ಹಾಕಿ ಬಿಸಿ ಮಾಡಿದರೆ ಹರಳು ಕರಗಿ ಎಲ್ಲ ಒಂದಾಗುತ್ತದೆ. ಆರಿಸಿಟ್ಟರೆ ನಿಧಾನವಾಗಿ ಮತ್ತೆ ಬೇರೆಯಾಗುತ್ತದೆ. ಹೊಸದಾಗಿ ಏನನ್ನೂ ಸೇರಿಸಿಲ್ಲ, ತೆಗೆದೂ ಇಲ್ಲ. ಬದಲಾದದ್ದು ಬಿಸಿಯೊಂದೇ.

ಹೀಗೆ ರಸವಾಗಿ ಒಂದು ರೂಪ, ಹರಳಾಗಿ ಇನ್ನೊಂದು ರೂಪ ತಾಳಿದ ಒಂದೊಂದು ಭಾಗಕ್ಕೂ ವಿಜ್ಞಾನದಲ್ಲಿ ‘ಪ್ರಾವಸ್ಥೆ’ ಎಂದು ಹೆಸರು. ಸಕ್ಕರೆಯ ಪ್ರಮಾಣವನ್ನು ಅಡ್ಡಗೆರೆಯಲ್ಲೂ ಉಷ್ಣತೆಯನ್ನು ಉದ್ದಗೆರೆಯಲ್ಲೂ ಗುರುತಿಸಿ, ಎಲ್ಲಿ ಬರೀ ರಸ, ಎಲ್ಲಿ ರಸದ ಜೊತೆಗೆ ಹರಳು ಎಂದು ಗಡಿ ಎಳೆದರೆ ಅದೇ ಪ್ರಾವಸ್ಥಾ ನಕ್ಷೆ. ಬೆಲ್ಲಕ್ಕೆ ಇಂಥ ನಕ್ಷೆ ಇಲ್ಲದಿದ್ದರೂ ನಡೆಯುತ್ತದೆ. ಲೋಹ ಎರಕ ಹೊಯ್ಯುವವರಿಗೆ ಮಾತ್ರ ಅದಿಲ್ಲದೆ ಕೈ ಓಡುವುದಿಲ್ಲ.

ಅಂಥ ಲೋಹಗಳಲ್ಲಿ ಒಂದಾದ ಮೆಗ್ನೀಸಿಯಂ ನಮ್ಮ ಕಣ್ಣೆದುರೇ ಇದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ. ಸಮುದ್ರದ ನೀರು ಬಾಯಿಗೆ ಬಿದ್ದರೆ ಉಪ್ಪಿನ ಹಿಂದೆಯೇ ಒಂದು ಕಹಿ ನಾಲಗೆಗೆ ತಾಗುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಮೆಗ್ನೀಸಿಯಂ ಲವಣಗಳು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇರುತ್ತದೆ. 1941ರಲ್ಲೇ ಅಮೆರಿಕದ ಟೆಕ್ಸಾಸ್ ಕರಾವಳಿಯ ಫ್ರೀಪೋರ್ಟ್‌ನಲ್ಲಿ ಡೌ ಕಂಪನಿ ಸಮುದ್ರದ ನೀರಿನಿಂದಲೇ ಈ ಲೋಹವನ್ನು ತೆಗೆಯತೊಡಗಿತ್ತು.

ಇದರ ದೊಡ್ಡ ಗುಣ ಹಗುರ. ಒಂದು ಲೀಟರ್ ಅಳತೆಯ ಉಕ್ಕು 7.8 ಕಿಲೋ ತೂಗಿದರೆ ಅಲ್ಯೂಮಿನಿಯಂ 2.7 ಕಿಲೋ, ಮೆಗ್ನೀಸಿಯಂ ಬರೀ 1.74 ಕಿಲೋ. ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕವಚ, ಕಾರಿನ ಸ್ಟೇರಿಂಗ್ ಚೌಕಟ್ಟು, ಲ್ಯಾಪ್‌ಟಾಪಿನ ಮೈ, ಹೀಗೆ ಗ್ರಾಂ ಲೆಕ್ಕ ಹಾಕುವ ಕಡೆಯೆಲ್ಲ ಇದಕ್ಕೆ ಬೇಡಿಕೆ. ಆದರೆ ಶುದ್ಧ ಮೆಗ್ನೀಸಿಯಂ ಮೆದು. ಗಟ್ಟಿಯಾಗಲು ಜೊತೆಗಾರರು ಬೇಕು. ಹೆಚ್ಚು ಬಳಕೆಯಲ್ಲಿರುವ ಎಜೆಡ್91 ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು 9 ಪಾಲು ಅಲ್ಯೂಮಿನಿಯಂ, 1 ಪಾಲು ಸತು.

ಭರಣಿಯ ಕಥೆ ಇಲ್ಲಿ ಲೋಹದೊಳಗೇ ನಡೆಯುತ್ತದೆ. ಗಟ್ಟಿಯಾದ ಮೆಗ್ನೀಸಿಯಂ 437 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರಕ್ಕೆ ಹನ್ನೆರಡೂವರೆಗೂ ಮಿಕ್ಕಿ ಅಲ್ಯೂಮಿನಿಯಂ ಅನ್ನು ತನ್ನೊಳಗೆ ಅರಗಿಸಿಕೊಳ್ಳಬಲ್ಲದು. ತಣಿಯುತ್ತ ಬಂದಂತೆ ಆ ಶಕ್ತಿ ಕುಗ್ಗಿ ನೂರಕ್ಕೆ ಎರಡು ಮೂರು ಪಾಲಿಗೆ ಇಳಿಯುತ್ತದೆ. ಹೆಚ್ಚಾದ ಅಲ್ಯೂಮಿನಿಯಂ, ಭರಣಿಯ ತಳದ ಹರಳಿನ ಹಾಗೆ, ಬೇರೊಂದು ಪ್ರಾವಸ್ಥೆಯಾಗಿ ಹೊರಬೀಳುತ್ತದೆ. ಅದರಲ್ಲಿ ಮೆಗ್ನೀಸಿಯಂನ 17 ಪರಮಾಣುಗಳಿಗೆ ಅಲ್ಯೂಮಿನಿಯಂನ 12 ಎಂಬ ಲೆಕ್ಕ. ಈ ಹರಳು ನುಣ್ಣಗೆ ಹರಡಿದರೆ ಲೋಹಕ್ಕೆ ಬಲ, ದಪ್ಪ ಗೆರೆಗಳಾಗಿ ಕೂಡಿಕೊಂಡರೆ ಬಿರುಕಿಗೆ ದಾರಿ.

ನಕ್ಷೆಯ ಉಪಯೋಗ ಗೊತ್ತಾಗುವುದು ಕುಲುಮೆಯ ಎದುರು. ಹರಳನ್ನೆಲ್ಲ ಕರಗಿಸಬೇಕೆಂದು ಎರಕದ ತುಂಡನ್ನು ಸುಮಾರು 415 ಡಿಗ್ರಿಯಲ್ಲಿ ಹದಿನಾರು ಗಂಟೆಯೋ ಇನ್ನೂ ಹೆಚ್ಚೋ ಇಡುತ್ತಾರೆ. ಇನ್ನಷ್ಟು ಕಾಯಿಸಿ ಬೇಗ ಮುಗಿಸಬಾರದೇ? 437 ಡಿಗ್ರಿ ಮುಟ್ಟಿದರೆ ಉಳಿದ ಹರಳು ಸುತ್ತಲಿನ ಲೋಹದೊಂದಿಗೆ ಸೇರಿ ಅಲ್ಲಲ್ಲೇ ಕರಗಿ ನೀರಾಗುತ್ತದೆ. ತುಂಡು ಒಳಗಿಂದ ಕೆಡುತ್ತದೆ. ಹೀಗೆ ತಗ್ಗಿದ ಶಾಖದಲ್ಲೇ ಜೋಡಿಯಾಗಿ ಕರಗುವ ಬಿಂದುವಿಗೆ ‘ಯುಟೆಕ್ಟಿಕ್’ ಎನ್ನುತ್ತಾರೆ. ಐಸಿಗೆ ಉಪ್ಪು ಬೆರೆಸಿದಾಗ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗೂ ದ್ರವವಾಗಿ ಇರಬಲ್ಲದು. ಅದೂ ಇದೇ ನಿಯಮದ ಫಲ.

ಇಂಥ ಗಡಿಗಳನ್ನು ಒಂದೊಂದಾಗಿ ಪ್ರಯೋಗದಿಂದ ಅಳೆಯಲು ಹೊರಟರೆ ಆಯುಷ್ಯ ಸಾಲದು. ಹತ್ತೇ ಧಾತುಗಳಿದ್ದರೂ ಎರಡೆರಡರ ಜೋಡಿ 45, ಮೂರು ಮೂರರ ಗುಂಪು 120. ಒಂದೊಂದು ಗುಂಪಿನಲ್ಲೂ ಪ್ರಮಾಣ ಎಷ್ಟು ಬಗೆ, ಉಷ್ಣತೆ ಎಷ್ಟು ಬಗೆ!

ಇದಕ್ಕೆ ಹಾದಿ ತೋರಿದವರು ಅಮೆರಿಕದ ವಿಲ್ಲಾರ್ಡ್ ಗಿಬ್ಸ್. 1870ರ ದಶಕದಲ್ಲಿ ಅವರು ಕೊಟ್ಟ ವಿವರಣೆಯ ಸಾರ ಇಷ್ಟು: ವಸ್ತುವಿಗೆ ಎರಡು ಸೆಳೆತ. ಒಂದು, ಪರಮಾಣುಗಳು ಬಿಗಿಯಾಗಿ ಕೈಹಿಡಿದು ಶಕ್ತಿ ಇಳಿಸಿಕೊಳ್ಳುವುದು. ಇನ್ನೊಂದು, ಆದಷ್ಟೂ ಬೆರೆತು ಚದುರುವುದು. ಬಿಸಿ ಏರಿದಷ್ಟೂ ಎರಡನೆಯದರ ಕೈ ಮೇಲು. ಎರಡನ್ನೂ ಕೂಡಿಸಿ ಕಳೆದು ಉಳಿಯುವ ಮೊತ್ತಕ್ಕೆ ಗಿಬ್ಸ್ ಮುಕ್ತಶಕ್ತಿ ಎಂದು ಹೆಸರು. ಅದು ಯಾವ ಪ್ರಾವಸ್ಥೆಯಲ್ಲಿ, ಅಥವಾ ಯಾವ ಪ್ರಾವಸ್ಥೆಗಳ ಜೋಡಿಯಲ್ಲಿ, ಎಲ್ಲಕ್ಕಿಂತ ಕಡಿಮೆಯೋ ಅದೇ ಕೊನೆಗೆ ನೆಲೆ ನಿಲ್ಲುತ್ತದೆ.

ಅಂದ ಮೇಲೆ ಪ್ರತಿ ಪ್ರಾವಸ್ಥೆಯ ಮುಕ್ತಶಕ್ತಿಗೂ ಒಂದು ಸೂತ್ರ ಸಿಕ್ಕರೆ ನಕ್ಷೆಯನ್ನು ಕಂಪ್ಯೂಟರೇ ಬಿಡಿಸೀತು. ಲ್ಯಾರಿ ಕಾಫ್‌ಮನ್ ಮತ್ತು ಹೆರಾಲ್ಡ್ ಬರ್ನ್‌ಸ್ಟೈನ್ 1970ರಲ್ಲಿ ಪುಸ್ತಕವಾಗಿ ಮುಂದಿಟ್ಟ ಈ ವಿಧಾನವೇ ಇಂದಿನ ಕ್ಯಾಲ್ಫ್ಯಾಡ್. ಎರಡು ಧಾತುಗಳ ಜೋಡಿಗಳನ್ನು ಚೆನ್ನಾಗಿ ಅಳೆದು ಸೂತ್ರಕ್ಕೆ ಹೊಂದಿಸುವುದು, ಮೂರರ, ನಾಲ್ಕರ ಗುಂಪನ್ನು ಅದರಿಂದ ಊಹಿಸುವುದು, ಊಹೆ ತಪ್ಪಿದಲ್ಲಿ ಕೆಲವೇ ಪ್ರಯೋಗ ಮಾಡಿ ತಿದ್ದುವುದು. ಆದರೆ ಅಳತೆ ಜೊಳ್ಳಾದರೆ ಲೆಕ್ಕವೂ ಜೊಳ್ಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಟಿ. ಜೇಕಬ್ ಹೆಸರಾದದ್ದು ಇಂಥ ಅಳತೆಗಳಿಗೇ. ಕಾದ ಘನ ಎಲೆಕ್ಟ್ರೊಲೈಟ್ ಕೋಶದ ವೋಲ್ಟೇಜನ್ನು ಓದಿ ಅದರಿಂದ ವಸ್ತುಗಳ ಮುಕ್ತಶಕ್ತಿಯನ್ನು ಲೆಕ್ಕ ಹಾಕುವ ಕೆಲಸ ಅದು.

ಇಷ್ಟಾದರೂ ಒಂದು ಎಚ್ಚರ ಬೇಕು. ನಕ್ಷೆಯನ್ನೇ ನಂಬಿದರೆ, 9 ಪಾಲು ಅಲ್ಯೂಮಿನಿಯಂ ಇರುವ ಎಜೆಡ್91 ಗಟ್ಟಿಯಾಗುವಾಗ ಯುಟೆಕ್ಟಿಕ್ ಮಿಶ್ರಣ ಮೂಡಲೇಬಾರದು. ಹನ್ನೆರಡೂವರೆಯ ಗಡಿ ಇನ್ನೂ ದೂರ. ಆದರೆ ಅಚ್ಚಿನಿಂದ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕಣ್ಣಿಗೆ ರಾಚುತ್ತದೆ. ಅಚ್ಚು ಬೇಗ ತಣಿಯುತ್ತದೆ, ಪರಮಾಣುಗಳಿಗೆ ಸಮನಾಗಿ ಹಂಚಿಕೊಳ್ಳಲು ಪುರುಸೊತ್ತಿಲ್ಲ. ಕೊನೆಗೆ ಉಳಿದ ದ್ರವದಲ್ಲಿ ಅಲ್ಯೂಮಿನಿಯಂ ತುಂಬಿಕೊಂಡು ಗಡಿ ದಾಟಿಬಿಡುತ್ತದೆ. ಕ್ಯಾಲ್ಫ್ಯಾಡ್ ಬಳಸುವವರು ಈ ಅವಸರಕ್ಕೂ ಬೇರೆ ಲೆಕ್ಕ ಇಟ್ಟಿರುತ್ತಾರೆ.

ಜೋನಿಬೆಲ್ಲವೂ ತುಂಬಿದ ದಿನವೇ ಹರಳು ಕಟ್ಟುವುದಿಲ್ಲ. ಎಷ್ಟು ಕಟ್ಟಬೇಕು ಎಂಬುದು ನಕ್ಷೆಯಲ್ಲಿದೆ. ಎಂದು ಕಟ್ಟೀತು ಎಂಬುದಕ್ಕೆ ಭರಣಿಯ ಮುಚ್ಚಳ ತೆಗೆದೇ ನೋಡಬೇಕು.