ಜತ್ತದ ನಲವತ್ತು ಹಳ್ಳಿಗಳ ಠರಾವು

2022ರ ನವೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಒಂದು ಮಾತು ಆಡಿದರು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವುದಾಗಿ ಠರಾವು ಮಾಡಿವೆ, ಅದನ್ನು ನಮ್ಮ ಸರಕಾರ ಗಂಭೀರವಾಗಿ ಪರಿಶೀಲಿಸುತ್ತಿದೆ ಎಂಬುದು ಅದರ ತಾತ್ಪರ್ಯ. ಅದರ ಬೆನ್ನಿಗೇ ಮುಂಬಯಿಯಿಂದ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರ ಉತ್ತರ ಬಂತು. ಠರಾವು ಈಗಿನದಲ್ಲ, 2012ರದು. ಅದೂ ನೀರಿನ ಬವಣೆಯಿಂದ ಹುಟ್ಟಿದ್ದು. ಮಹಾರಾಷ್ಟ್ರದ ಒಂದು ಹಳ್ಳಿಯೂ ಎಲ್ಲಿಗೂ ಹೋಗುವುದಿಲ್ಲ ಎಂದು ಅವರು ಸಾರಿದರು. ಆಮೇಲೆ ಒಂದು ತಿಂಗಳ ಕಾಲ ಬಸ್ಸುಗಳಿಗೆ ಮಸಿ ಬಿತ್ತು, ಬೆಳಗಾವಿಯ ರಸ್ತೆಗಳಲ್ಲಿ ಲಾರಿಗಳ ಮೇಲೆ ಕಲ್ಲು ಬಿತ್ತು. ಅದನ್ನೆಲ್ಲ ವಾಚಕರು ಆಗಲೇ ಓದಿದ್ದಾರೆ. ಆ ಗದ್ದಲದ ನಡುವೆ ಜತ್ತದವರು ನಿಜವಾಗಿ ಕೇಳಿದ್ದೇನು ಎಂಬುದು ಮಾತ್ರ ಹಿಂದೆ ಸರಿಯಿತು. ಚಂದ್ರಗಿರಿಯ ದಡದಲ್ಲಿ ಕುಳಿತ ನಮಗೆ ಅದನ್ನು ಕೊಂಚ ನಿಧಾನವಾಗಿ ನೋಡುವ ಕಾರಣವಿದೆ.

ಜತ್ತ ಸಾಂಗಲಿ ಜಿಲ್ಲೆಯಲ್ಲಿ ಅತ್ಯಂತ ದೊಡ್ಡ ತಾಲೂಕು. ಪೂರ್ವಕ್ಕೂ ದಕ್ಷಿಣಕ್ಕೂ ವಿಜಯಪುರ, ಬೆಳಗಾವಿ ಜಿಲ್ಲೆಗಳ ಗಡಿ. ಮೊದಲು ಡಫಳೆ ಮನೆತನದ ಪುಟ್ಟ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. 1956ರ ನವೆಂಬರ್ 1ರಂದು ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳು ಮುಂಬಯಿಯಿಂದ ಕಳಚಿ ಮೈಸೂರಿಗೆ ಸೇರಿದಾಗ ಜತ್ತ ಅಲ್ಲೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಸೇರಿಸಿದ್ದು. ಒಂದೇ ದಿನದ ಒಂದೇ ಕಾಯಿದೆಯ ಎರಡು ಮೂಲೆಗಳು ಎನ್ನಬಹುದು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿದಾಗ ಜತ್ತವೂ ಅದರ ಪಾಲಿಗೆ ಹೋಯಿತು.

ತಾಲೂಕಿನ ಪೂರ್ವ ಭಾಗದಲ್ಲಿ ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರ, ಉಮರಾಣಿ ಎಂದು ಹೋಗುತ್ತ ಹೋಗುತ್ತ ಕಿವಿಗೆ ಬೀಳುವುದು ಬಿಜಾಪುರದ ಸೀಮೆಯ ಕನ್ನಡ. ಗುಡ್ಡಾಪುರದ ದಾನಮ್ಮ ದೇವಿಯ ಹೆಸರು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಇದೆ. ಹನ್ನೆರಡನೆಯ ಶತಮಾನದ ಈ ಶರಣೆ ಹುಟ್ಟಿದ್ದು ಉಮರಾಣಿಯಲ್ಲಿ ಎಂದು ನಂಬಿಕೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ರಾಜ್ಯದ ಗಡಿ ಎಲ್ಲಿ ದಾಟಿತು ಎಂದು ಅವರು ನೋಡುವುದಿಲ್ಲ. ಹೆಣ್ಣು ಕೊಡುವುದು ತರುವುದು, ಸಂತೆ, ಆಸ್ಪತ್ರೆ ಎಲ್ಲವೂ ಆಚೆ ಈಚೆ ನಡೆಯುತ್ತವೆ. ಏಳು ಹನ್ನೆರಡರ ಉತಾರ ಮಾತ್ರ ಮರಾಠಿಯಲ್ಲಿ.

ಇಷ್ಟನ್ನು ಕೇಳಿದ ಯಾರಿಗಾದರೂ, ಭಾಷೆಯ ಪ್ರೇಮದಿಂದ ಜತ್ತದವರು ಠರಾವು ಮಾಡಿದರು ಎಂದು ತೋರಬಹುದು. ಅದು ಪೂರ್ತಿ ಸರಿಯಲ್ಲ. ಠರಾವಿನ ಬೇರು ಇರುವುದು ಬಾವಿಯ ತಳದಲ್ಲಿ.

ಸಾಂಗಲಿ ಜಿಲ್ಲೆಯ ಪಶ್ಚಿಮದಲ್ಲಿ ಕೃಷ್ಣೆ, ವಾರಣೆಗಳು ಹರಿಯುತ್ತವೆ. ಕಬ್ಬು, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಮುಖ್ಯಮಂತ್ರಿಯಾದ ವಸಂತದಾದಾ ಪಾಟೀಲರಂಥ ಮುಖಂಡರು, ಎಲ್ಲವೂ ಆ ನೀರಿನ ಬದಿಯಲ್ಲೇ ಬೆಳೆದವು. ಜತ್ತ ಇರುವುದು ಮಳೆಯ ನೆರಳಿನಲ್ಲಿ. ಜೋಳ, ಸಜ್ಜೆ, ಕುರಿ ಇಲ್ಲಿನ ಹಳೆಯ ಬದುಕು. ಮಾಡಗ್ಯಾಳದ ಕುರಿಯ ತಳಿಗೆ ದೊಡ್ಡ ಹೆಸರಿದೆ. ಡೋಣಿ ನದಿ ಹುಟ್ಟುವುದು ಈ ತಾಲೂಕಿನಲ್ಲಿಯೇ. ಆದರೆ ಅದರ ನೀರೂ ಬಿಜಾಪುರದ ಎರೆಭೂಮಿಯತ್ತ ಇಳಿದು ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಊರಿಗೆ ಟ್ಯಾಂಕರು, ಗಂಡುಹೆಣ್ಣುಗಳು ಕಬ್ಬು ಕಡಿಯಲು ಪಶ್ಚಿಮಕ್ಕೆ. 2019ರ ಬೇಸಿಗೆಯಲ್ಲಿ ಜತ್ತ ಬರದಿಂದ ಬೆಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಸಾಂಗಲಿ ಪಟ್ಟಣ ಕೃಷ್ಣೆಯ ನೆರೆಯಲ್ಲಿ ಮುಳುಗಿತು. ಒಂದೇ ಕಲೆಕ್ಟರರ ಕಚೇರಿಯ ಕೆಳಗಿನ ಎರಡು ಚಿತ್ರಗಳಿವು.

ಈ ಎರಡನ್ನು ಜೋಡಿಸಬೇಕಾದದ್ದು ಮ್ಹೈಸಾಳ ಏತ ನೀರಾವರಿ. ಮೀರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನೆತ್ತಿ, ಹಂತಹಂತವಾಗಿ ಪಂಪು ಮಾಡಿ ಮೇಲಿನ ಬರಭೂಮಿಗೆ ಹಾಯಿಸುವ ಯೋಜನೆ. 1980ರ ದಶಕದಲ್ಲಿ ಕಾಗದದ ಮೇಲೆ ಮೂಡಿದ್ದು ಕಾಲುವೆಯಾಗಿ ಇಳಿಯುವಾಗ ಒಂದು ತಲೆಮಾರು ಕಳೆಯಿತು. ಏತ ನೀರಾವರಿಗೆ ಇನ್ನೊಂದು ಕಂಟಕವಿದೆ. ನೀರು ತಾನಾಗಿ ಹರಿಯುವುದಿಲ್ಲ, ವಿದ್ಯುತ್ತು ಬೇಕು, ಬಿಲ್ಲು ಕಟ್ಟದಿದ್ದರೆ ಪಂಪು ನಿಲ್ಲುತ್ತದೆ. ಹಾಗೆ ನಿಂತದ್ದೂ ಉಂಟು. ನೀರು ಬಂದರೂ ಅದು ಮೊದಲು ಕಾಣುವುದು ಮೀರಜ, ಕವಠೆ ಮಹಾಂಕಾಳದ ಹೊಲಗಳನ್ನು. ಜತ್ತ ಬಾಲದ ತುದಿ. ಪೂರ್ವ ಜತ್ತದ ಹಳ್ಳಿಗಳಂತೂ ಯೋಜನೆಯ ನಕಾಶೆಯಿಂದಲೇ ಹೊರಗಿದ್ದವು.

ಇತ್ತ ಗಡಿಯ ಈಚೆ, ಕರ್ನಾಟಕದಲ್ಲಿ, ಅದೇ ಕೃಷ್ಣೆಯನ್ನೆತ್ತುವ ತುಬಚಿ-ಬಬಲೇಶ್ವರ ಯೋಜನೆ ಬೆಳೆಯುತ್ತ ಬಂತು. ಬೀಗರ ಊರಿನ ಹೊಲಕ್ಕೆ ನೀರು ಬಂದದ್ದನ್ನು ಕಣ್ಣಾರೆ ಕಾಣುತ್ತ, ತಮ್ಮ ಊರಿನಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರ ಮನಸ್ಸು ಹೇಗಿರುತ್ತದೆ ಎಂದು ಬರೆದು ತಿಳಿಸಬೇಕಾಗಿಲ್ಲ. 2012ರ ಬರಗಾಲದಲ್ಲಿ ಸುಮಾರು ನಲವತ್ತು ಹಳ್ಳಿಗಳು ಮಾಡಿದ ಠರಾವಿನ ಸಾರ ಇಷ್ಟೇ: ನೀರು ಕೊಡಿ, ಕೊಡಲಾಗದಿದ್ದರೆ ಕರ್ನಾಟಕಕ್ಕೆ ಹೋಗಲು ಬಿಡಿ. ಎರಡನೆಯ ಮಾತು ಮೊದಲನೆಯದಕ್ಕೆ ಬಲ ಕೊಡಲು ಬಂದದ್ದು. ಹಾಗೆಂದು ಅದನ್ನು ಬರಿಯ ಬೆದರಿಕೆ ಎಂದು ತಳ್ಳಿಹಾಕುವ ಮುಂಬಯಿಯ ಧೋರಣೆಯನ್ನೂ ನಾವು ಒಪ್ಪಲಾರೆವು. ಭಾಷೆಯ ನಂಟು ಇಲ್ಲದಿದ್ದರೆ ಬಾಯಾರಿದ ಹಳ್ಳಿಗೆ ಪಕ್ಕದ ರಾಜ್ಯದ ನೆನಪು ಬರುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ ಬರದ ತಾಲೂಕುಗಳು ಬೇರೆಯೂ ಇವೆಯಲ್ಲ!

ಆದರೆ ಒಂದು ಹಳ್ಳಿ ತನ್ನ ರಾಜ್ಯವನ್ನು ಬಿಟ್ಟು ಹೋಗಬಲ್ಲುದೆ? ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರ ಪಾರ್ಲಿಮೆಂಟಿನದು. ಮಸೂದೆಯನ್ನು ರಾಷ್ಟ್ರಪತಿಗಳು ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳುಹಿಸಬೇಕು. ಆ ಅಭಿಪ್ರಾಯವನ್ನು ಪಾರ್ಲಿಮೆಂಟು ಒಪ್ಪಲೇಬೇಕೆಂದಿಲ್ಲ. ಗ್ರಾಮ ಪಂಚಾಯತಿಯ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. ಅಂದರೆ ನಲವತ್ತು ಠರಾವುಗಳಿಗೆ ಕಾನೂನಿನಲ್ಲಿ ಒಂದು ಅರ್ಜಿಗಿಂತ ಹೆಚ್ಚಿನ ತೂಕವಿಲ್ಲ.

ಗಣಕಯಂತ್ರದ ಲೋಕದಲ್ಲಿ ಇದಕ್ಕೆ ತೀರ ಬೇರೆಯಾದ ಒಂದು ಪದ್ಧತಿ ಉಂಟು. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಐ.ಟಿ. ತರಗತಿಯಲ್ಲಿ ಬಳಸುವ ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದೇ ಮನೆ ಬಿಟ್ಟು ಹೊರಟವರಿಂದ. ಓಪನ್ ಆಫೀಸನ್ನು ಸಾಕುತ್ತಿದ್ದ ಸನ್ ಕಂಪೆನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ಹೊಸ ಯಜಮಾನರ ಕೆಳಗೆ ಭವಿಷ್ಯ ಕಾಣದ ಕೆಲಸಗಾರರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತಮ್ಮದೇ ಪ್ರತಿಷ್ಠಾನ ಕಟ್ಟಿಕೊಂಡು, ತಂತ್ರಾಂಶದ ಪೂರ್ತಿ ನಕಲಿನೊಂದಿಗೆ ಹೊರಬಿದ್ದರು. ಪರವಾನಗಿಯ ಪ್ರಕಾರ ಅದನ್ನು ಯಾರೂ ತಡೆಯುವಂತಿರಲಿಲ್ಲ. ಹಳೆಯ ಹೆಸರು ಮಾತ್ರ ಕಂಪೆನಿಯ ಸ್ವತ್ತಾಗಿ ಉಳಿಯಿತು. ಮರುವರ್ಷ ಒರಾಕಲ್ ಓಪನ್ ಆಫೀಸನ್ನು ಅಪಾಚಿ ಪ್ರತಿಷ್ಠಾನಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಮನೆ ಬಿಡುವವರು ಆಸ್ತಿಯನ್ನೆಲ್ಲ ಒಯ್ದರೂ ಮನೆಯಲ್ಲಿದ್ದವರಿಗೆ ಒಂದು ಎಳ್ಳಿನಷ್ಟೂ ಕಮ್ಮಿಯಾಗದ ವಿಚಿತ್ರ ಪಾಲುಪಟ್ಟಿ ಅದು! ಉಮದಿಯ ಹೊಲಕ್ಕೆ ನಕಲು ಪ್ರತಿ ಇಲ್ಲ. ಒಂದು ರಾಜ್ಯಕ್ಕೆ ಬಂದರೆ ಇನ್ನೊಂದಕ್ಕೆ ನಷ್ಟ, ಆದ್ದರಿಂದ ಪ್ರತಿಯೊಂದು ಎಕರೆಗೂ ಜಗಳ.

ನೆಲದ ವಿಷಯದಲ್ಲಿಯೂ ಹಳ್ಳಿಯನ್ನೇ ಘಟಕವಾಗಿ ಹಿಡಿದು ಗಡಿ ತಿದ್ದಿದ ನಿದರ್ಶನ ಇಲ್ಲದಿಲ್ಲ. ಆಂಧ್ರ ಮತ್ತು ಮದರಾಸಿನ ನಡುವೆ ಪಾಟಸ್ಕರ್ ಸೂತ್ರದಂತೆ, ಬಹುಸಂಖ್ಯಾತರ ಭಾಷೆ, ಭೂಮಿಯ ಸಾತತ್ಯ ಇವನ್ನು ನೋಡಿ, 1960ರಲ್ಲಿ ಹಳ್ಳಿಗಳು ಅತ್ತಿಂದಿತ್ತ ಹೋದವು. ತಿರುತ್ತಣಿ ಮದರಾಸಿಗೆ ಬಂದದ್ದು ಹಾಗೆ. ಮಹಾರಾಷ್ಟ್ರ ಬೆಳಗಾವಿಯನ್ನು ಕೇಳುವಾಗ ಮುಂದಿಡುವುದು ಇದೇ ಹಳ್ಳಿ ಘಟಕದ ಸೂತ್ರವನ್ನು. ಆ ಕೊಡಲಿಗೆ ಎರಡು ಕಡೆಯೂ ಬಾಯಿ ಇದೆ. ಬೆಳಗಾವಿಯ ಬಳಿಯ ಹಳ್ಳಿಗೆ ಅನ್ವಯಿಸುವ ಸೂತ್ರ ಸಂಖ, ಉಮದಿಗಳಿಗೆ ಏಕೆ ಅನ್ವಯಿಸಬಾರದು? ಈ ಪ್ರಶ್ನೆಗೆ ಮುಂಬಯಿ ಉತ್ತರ ಕೊಡುವುದಿಲ್ಲ. ಮಹಾಜನ ಆಯೋಗ 1967ರ ವರದಿಯಲ್ಲಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, ಜತ್ತದ ಹಳ್ಳಿಗಳೂ ಸೇರಿದಂತೆ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿತ್ತು. ಚಂದ್ರಗಿರಿಯ ಉತ್ತರದ ನಮ್ಮ ಸೀಮೆಯನ್ನೂ ಅದೇ ವರದಿ ಕರ್ನಾಟಕಕ್ಕೆ ಕೊಟ್ಟಿತ್ತು. ವರದಿಯನ್ನು ಕೇಳಿ ಪಡೆದ ಮಹಾರಾಷ್ಟ್ರವೇ ಅದನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ದಾವೆ ಹೂಡಿತು.

ಇನ್ನು 2022ಕ್ಕೆ ಬರೋಣ. ಹತ್ತು ವರ್ಷ ಕಪಾಟಿನಲ್ಲಿ ಮಲಗಿದ್ದ ಠರಾವನ್ನು ಬೆಂಗಳೂರು ಧೂಳು ಕೊಡವಿ ಹೊರತೆಗೆದದ್ದು, ಮಹಾರಾಷ್ಟ್ರ ಬೆಳಗಾವಿಯ ದಾವೆಗಾಗಿ ಮಂತ್ರಿಗಳನ್ನು ನೇಮಿಸಿ ಚುರುಕಾದ ಮೇಲೆ. ಜತ್ತದ ಬಾಯಾರಿಕೆ 2013ರಲ್ಲಿಯೂ ಇತ್ತು, 2016ರಲ್ಲಿಯೂ ಇತ್ತು. ಆಗ ಯಾರಿಗೂ ಠರಾವು ಕಾಣಿಸಲಿಲ್ಲ. ಗಡಿನಾಡಿನವರ ಸಂಕಟವನ್ನು ಒಳನಾಡಿನವರು ಚದುರಂಗದ ಕಾಯಿಯಂತೆ ಎತ್ತಿ ಇಡುವ ಈ ರೀತಿ ನಮಗೆ ಅಪರಿಚಿತವಲ್ಲ. ಆದರೂ ಕಾಯಿ ಎತ್ತಿದ್ದರಿಂದ ಕೆಲಸ ನಡೆಯಿತು ಎಂಬುದನ್ನೂ ಹೇಳಬೇಕು. ಡಿಸೆಂಬರ್ ಮೊದಲ ದಿನಗಳಲ್ಲಿ ತುಬಚಿ-ಬಬಲೇಶ್ವರದ ನೀರು ಗಡಿ ದಾಟಿ ತಿಕ್ಕುಂಡಿಯ ಕಡೆ ಹರಿಯಿತು, ಊರವರು ಸಂಭ್ರಮಿಸಿದರು. ಇತ್ತ ಮುಂಬಯಿಯಲ್ಲಿ, ಅಷ್ಟು ವರ್ಷ ಕೈಗೂಡದೆ ಇದ್ದ ವಿಸ್ತೃತ ಮ್ಹೈಸಾಳ ಯೋಜನೆಗೆ ಹಠಾತ್ತನೆ ಜೀವ ಬಂತು. ಜತ್ತದ ವಂಚಿತ 65 ಹಳ್ಳಿಗಳಿಗಾಗಿ ಸುಮಾರು ಎರಡು ಸಾವಿರ ಕೋಟಿ ರೂಪಾಯಿಯ ಕಾಮಗಾರಿಯನ್ನು ಸರಕಾರ ಘೋಷಿಸಿತು. ಬೊಮ್ಮಾಯಿಯವರು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಘೋಷಿಸಿದ್ದೂ ಆಗಲೇ.

ನೆರೆಯ ಜಿಲ್ಲೆಯ ಅಕ್ಕಲಕೋಟೆ ತಾಲೂಕಿಗೆ ಇದೇ ದಾರಿ ಅಷ್ಟು ಸುಗಮವಾಗಲಿಲ್ಲ. ಅಲ್ಲಿನ ಕೆಲವು ಪಂಚಾಯತಿಗಳು ಜತ್ತವನ್ನು ನೋಡಿ ಠರಾವು ಮಾಡಿದಾಗ ಅಧಿಕಾರಿಗಳಿಂದ ನೋಟೀಸು ಹೋಯಿತು, ಹೆಚ್ಚಿನವು ಠರಾವನ್ನು ಹಿಂದೆಗೆದುಕೊಂಡವು. ಒಂದು ತಾಲೂಕಿಗೆ ಕೋಟಿಗಳ ಯೋಜನೆ, ಇನ್ನೊಂದಕ್ಕೆ ನೋಟೀಸು! ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಗೃಹಮಂತ್ರಿ ಅಮಿತ್ ಶಾ ಇಬ್ಬರು ಮುಖ್ಯಮಂತ್ರಿಗಳನ್ನೂ ಕೂರಿಸಿ, ಕೋರ್ಟಿನ ತೀರ್ಪಿನವರೆಗೆ ಯಾರೂ ಯಾರ ನೆಲದ ಮೇಲೂ ಹಕ್ಕು ಹೇಳಬಾರದು, ತಲಾ ಮೂವರು ಮಂತ್ರಿಗಳ ಸಮಿತಿ ಕುಳಿತು ಮಾತಾಡಲಿ ಎಂದರು. ಅದಾಗಿ ಎರಡು ವಾರದೊಳಗೆ ಎರಡೂ ವಿಧಾನಮಂಡಲಗಳು ಒಂದರ ಮೇಲೊಂದು ನಿರ್ಣಯ ಮಾಡಿದವು. ಮಹಾರಾಷ್ಟ್ರದ ನಿರ್ಣಯ 865 ಹಳ್ಳಿಗಳನ್ನು ಕೇಳಿತು.

ಜತ್ತದ ಒಳಗೂ ಒಂದೇ ಮಾತು ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ತಾಲೂಕಿನಲ್ಲಿ ಮರಾಠಿ ಮನೆಗಳಿವೆ, ಎರಡೂ ಭಾಷೆಯನ್ನು ಒಂದೇ ಜಗಲಿಯಲ್ಲಿ ಆಡುವ ಮನೆಗಳಿವೆ. ರಾಜ್ಯ ಬದಲಾದರೆ ಜಮೀನಿನ ದಾಖಲೆ, ಜಾತಿ ಪ್ರಮಾಣಪತ್ರ, ರೇಶನ್ ಕಾರ್ಡು, ಸೊಸೈಟಿಯ ಸಾಲ, ಮಕ್ಕಳ ನೌಕರಿಯ ಮೀಸಲಾತಿ ಎಲ್ಲವನ್ನೂ ಹೊಸದಾಗಿ ಬರೆಸಬೇಕು. ಅರುವತ್ತು ವರ್ಷಕ್ಕೂ ಮಿಕ್ಕಿ ಒಂದು ಸರಕಾರದ ಕಚೇರಿಗೆ ಅಲೆದು ಅಭ್ಯಾಸವಾದವರಿಗೆ ಇನ್ನೊಂದು ಸರಕಾರದ ಕಚೇರಿಯ ಬಾಗಿಲು ಎಲ್ಲಿದೆ ಎಂದು ಹುಡುಕುವ ಶ್ರಮ ಸಣ್ಣದಲ್ಲ. ನೀರು ಬಂದರೆ ಇಲ್ಲೇ ಇರುತ್ತೇವೆ ಎನ್ನುವವರನ್ನು ಕನ್ನಡದ್ರೋಹಿಗಳೆಂದು ಕರೆಯುವ ಅಧಿಕಾರ ಒಳನಾಡಿನ ಯಾರಿಗೂ ಇಲ್ಲವೆಂದೇ ನಮ್ಮ ಅಭಿಪ್ರಾಯ.

ನಮಗೂ ಅವರಿಗೂ ಇರುವ ಅಂತರ ಇಲ್ಲಿಯೇ. ಕಾಸರಗೋಡಿನ ಚಳವಳಿಗೆ ಕಯ್ಯಾರ ಕಿಞ್ಞಣ್ಣ ರೈಯವರಂಥ ಹಿರಿಯರ ತಪಸ್ಸು ಇತ್ತು, ಆಯೋಗದ ಶಿಫಾರಸು ಕೈಯಲ್ಲಿತ್ತು, ಬಾಯಾರಿಕೆ ಇರಲಿಲ್ಲ. ಭಾಷೆಯ ಹಕ್ಕಿಗಾಗಿ ಕೂಗಿದ್ದಕ್ಕೆ ತಿರುವನಂತಪುರ ಒಂದು ಸುತ್ತೋಲೆ ಹೊರಡಿಸಿ ಸುಮ್ಮನಾಗಬಹುದು. ನೀರಿಗಾಗಿ ನೆರೆರಾಜ್ಯದ ಬಾವುಟ ಹಿಡಿದವರನ್ನು ಕಂಡು ಮುಂಬಯಿ ಸುಮ್ಮನಿರಲಾಗಲಿಲ್ಲ. ಕೊಯ್ನೆಯಿಂದ ಬೇಸಿಗೆಯಲ್ಲಿ ನೀರು ಬಿಡಿ ಎಂದು ಕರ್ನಾಟಕ ಕೇಳುವುದು, ಬದಲಿಗೆ ನಿಮ್ಮ ಕಾಲುವೆಯಿಂದ ಜತ್ತಕ್ಕೆ ಕೊಡಿ ಎಂದು ಮಹಾರಾಷ್ಟ್ರ ಹೇಳುವುದು ವರ್ಷಗಳಿಂದ ನಡೆದಿದೆ. ಗಡಿಯ ಗೆರೆ ಒಂದಿಂಚು ಸರಿಯದೆಯೂ ಇದನ್ನು ಕಾಗದಕ್ಕೆ ಇಳಿಸಬಹುದು. ಕೊಡುಕೊಳೆಯ ಕರಾರಿಗೆ ಸುಪ್ರೀಂ ಕೋರ್ಟಿನ ತೀರ್ಪು ಬೇಕಿಲ್ಲ, ಇಬ್ಬರು ನೀರಾವರಿ ಮಂತ್ರಿಗಳ ರುಜು ಸಾಕು.

ನೀರಿನ ಕತೆ ಹೀಗೆ ಒಂದು ದಾರಿ ಹಿಡಿಯುತ್ತಿದ್ದಂತೆ ಭಾಷೆಯ ಕತೆ ಬೇರೆ ಬಾಗಿಲಿನಿಂದ ಬಂತು. ಜತ್ತದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. 2024ರಲ್ಲಿ ಅವುಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದರೆಂದು ಗಡಿಯ ಎರಡೂ ಬದಿಯಲ್ಲಿ ಆಕ್ಷೇಪ ಎದ್ದಿತು. ಕನ್ನಡ ಓದಲು ಬಾರದ ಗುರುಗಳ ಮುಂದೆ ಒಂದನೆಯ ತರಗತಿಯ ಮಗು ಪಾಟಿ ಹಿಡಿದು ನಿಂತರೆ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಯ ವಾಚಕರಿಗೆ ವಿವರಿಸಬೇಕಾದ ಸಂಗತಿಯಲ್ಲ.