ಹಾರ್ಡ್‌ಡಿಸ್ಕಿನಲ್ಲಿರುವ ಹಸ್ತಪ್ರತಿಚಿತ್ರಗಳು: ಫೈಲ್‌ವ್ಯವಸ್ಥೆಯ ಕೇಡು ಮತ್ತು ಪರಿಹಾರಕ್ರಮ

ಓಲೆಗರಿಯ ಗ್ರಂಥಗಳನ್ನು ಛಾಯಾಚಿತ್ರಗಳಾಗಿ ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿಯು ಈಗ ಸಂಸ್ಥೆಗಳಲ್ಲಿ ಮಾತ್ರವಲ್ಲದೆ ವಿದ್ವಾಂಸರ ಮನೆಗಳಲ್ಲಿಯೂ ರೂಢವಾಗಿದೆ. ಮೂಲಪ್ರತಿಯು ಹುಳುಹಿಡಿದೋ ಮುರಿದೋ ನಷ್ಟವಾದ ಬಳಿಕ ಅದರ ಚಿತ್ರವೇ ಏಕಮಾತ್ರ ಸಾಕ್ಷಿಯಾಗಿ ಉಳಿಯುವುದುಂಟು. ಅಂತಹ ಚಿತ್ರಗಳುಳ್ಳ ಡಿಸ್ಕು ತೆರೆಯದೆ, ಬಳಸುವ ಮೊದಲು ಅದನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ತೋರಿದಾಗ ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಂಡೋಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಎನ್‌ಟಿಎಫ್‌ಎಸ್ ಎಂಬ ಫೈಲ್‌ವ್ಯವಸ್ಥೆಯನ್ನು ಇಲ್ಲಿ ಮುಖ್ಯವಾಗಿ ಪರಿಗಣಿಸಲಾಗಿದೆ.

ಕೇಡಿನ ಸ್ವರೂಪ

ಡಿಸ್ಕಿನ ಮೇಲ್ಮೈ 512 ಅಥವಾ 4096 ಬೈಟುಗಳ ಸೆಕ್ಟರುಗಳಾಗಿ ವಿಭಾಗಿತವಾಗಿರುತ್ತದೆ. ಒಂದು ಚಿತ್ರದ ಅಂಶಗಳೆಲ್ಲವೂ ಒಂದೆಡೆಯೇ ಇರಬೇಕೆಂಬ ನಿಯಮವಿಲ್ಲ. ಅವು ಹಲವೆಡೆ ಚದುರಿರಬಹುದು. ಯಾವ ಫೈಲಿನ ಹೆಸರೇನು, ಅದರ ಭಾಗಗಳು ಎಲ್ಲೆಲ್ಲಿವೆ ಎಂಬ ವಿವರಗಳು ಪ್ರಧಾನ ಫೈಲ್‌ಪಟ್ಟಿಯಲ್ಲಿ ದಾಖಲಾಗಿರುತ್ತವೆ. 1993ರಲ್ಲಿ ವಿಂಡೋಸ್ ಎನ್‌ಟಿ 3.1ರೊಡನೆ ಬಂದ ಈ ವ್ಯವಸ್ಥೆಗೆ ಆ ಪಟ್ಟಿಯೇ ಆಧಾರ.

ಆದುದರಿಂದ ಕೇಡು ಎರಡು ಬಗೆಯದು. ಸೆಕ್ಟರೇ ಓದಲಾಗದಂತೆ ಹಾಳಾಗುವುದು ಒಂದು; ಇದು ಗರಿಯೇ ತುಂಡಾದಂತೆ. ಸೆಕ್ಟರುಗಳು ಸುಸ್ಥಿತಿಯಲ್ಲಿದ್ದು ಪಟ್ಟಿಯು ಕೆಡುವುದು ಇನ್ನೊಂದು. ಇದು ದಾರ ಹರಿದು, ಪತ್ರಸಂಖ್ಯೆ ಅಳಿದು, ಗರಿಗಳು ಚೆಲ್ಲಾಪಿಲ್ಲಿಯಾದಂತೆ. ಫೈಲ್‌ವ್ಯವಸ್ಥೆಯ ಕೇಡೆಂದರೆ ಈ ಎರಡನೆಯದು. ಎರಡಕ್ಕೂ ಹೊರಗಿನ ಲಕ್ಷಣ ಒಂದೇ ಆಗಿರಬಹುದು. ಚಿಕಿತ್ಸೆ ಮಾತ್ರ ಬೇರೆ.

ಬರೆಯುತ್ತಿರುವಾಗಲೇ ವಿದ್ಯುತ್ ನಿಲ್ಲುವುದು, ಹೊರಡಿಸ್ಕನ್ನು ಕ್ರಮವರಿತು ಬಿಡಿಸದೆ ಕಿತ್ತುತೆಗೆಯುವುದು, ಕೇಬಲಿನ ದೋಷ, ಗಣಕದ ಸ್ಮೃತಿಯ ದೋಷ ಇವು ಪಟ್ಟಿಯ ಕೇಡಿಗೆ ಸಾಮಾನ್ಯ ಕಾರಣಗಳು. ಎನ್‌ಟಿಎಫ್‌ಎಸ್ ತನ್ನ ಪಟ್ಟಿಯ ಬದಲಾವಣೆಗಳನ್ನು ಮುಂಚಿತವಾಗಿ ಒಂದು ದಿನಚರಿಯಲ್ಲಿ ಬರೆದುಕೊಳ್ಳುವುದರಿಂದ ಇಂತಹ ಅಡಚಣೆಗಳಿಂದ ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲುದು. ಆದರೆ ಆ ದಿನಚರಿಯು ಪಟ್ಟಿಗೆ ಸಂಬಂಧಿಸಿದುದೇ ಹೊರತು ಫೈಲಿನ ಒಳಗಿನ ವಿಷಯಕ್ಕಲ್ಲ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಅಂತಹ ದಿನಚರಿಯೇ ಇಲ್ಲ.

ಪರೀಕ್ಷಾಕ್ರಮ

ಮೊದಲನೆಯದಾಗಿ, ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಫಾರ್ಮ್ಯಾಟ್ ಸೂಚನೆಗೆ ಒಪ್ಪಿಗೆ ಕೊಡಬಾರದು. ತ್ವರಿತ ಫಾರ್ಮ್ಯಾಟು ಹೊಸ ಪಟ್ಟಿಯನ್ನು ಹೂಡುತ್ತದೆ; ಪೂರ್ಣ ಫಾರ್ಮ್ಯಾಟಾದರೋ ವಿಂಡೋಸ್ ವಿಸ್ತಾದಿಂದೀಚೆಗೆ ಡಿಸ್ಕಿನ ತುಂಬ ಸೊನ್ನೆಗಳನ್ನೇ ಬರೆಯುತ್ತದೆ. ಅನಂತರ ಉಳಿಯುವುದು ಖಾಲಿ ಗರಿ ಮಾತ್ರ.

ಎರಡನೆಯದಾಗಿ, ಡಿಸ್ಕಿನ ದೇಹಸ್ಥಿತಿಯನ್ನು ಅರಿಯಬೇಕು. ಬೇರೆ ಕೇಬಲ್ ಹಾಗೂ ಬೇರೆ ಗಣಕದೊಡನೆ ಜೋಡಿಸಿ ನೋಡಬೇಕು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ಏರ್ಪಾಡಿನಲ್ಲಿ, ಬದಲಿ ಪಡೆದ ಸೆಕ್ಟರುಗಳ ಮತ್ತು ಓದಲಾಗದೆ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಕೇಡು ಮೊದಲ ಬಗೆಯದೆಂದು ತಿಳಿಯಬೇಕು. ಟಕಟಕ ಸದ್ದು ಕೇಳಿಬಂದರೆ ಯಂತ್ರವನ್ನು ಕೂಡಲೆ ನಿಲ್ಲಿಸಿ ತಜ್ಞರಿಗೆ ಒಪ್ಪಿಸುವುದೇ ಯುಕ್ತ. ಆಗ ಯಾವ ತಂತ್ರಾಂಶವೂ ಉಪಕರಿಸದು.

ಮೂರನೆಯದಾಗಿ, ದುರಸ್ತಿಗೆ ಮುನ್ನ ಇಡೀ ಡಿಸ್ಕಿನ ಯಥಾಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ಪ್ರತಿಮಾಡಿ, ಕಠಿನಸ್ಥಳಗಳಿಗೆ ಅನಂತರ ಮರಳುತ್ತದೆ. ಓದಲಾಗದ ಸ್ಥಳಗಳನ್ನು ನಕ್ಷೆಯೊಂದರಲ್ಲಿ ಗುರುತಿಸುವುದರಿಂದ ಕೆಲಸವನ್ನು ನಡುವೆ ನಿಲ್ಲಿಸಿ ಮುಂದುವರಿಸಲೂಬಹುದು.

ದುರಸ್ತಿಯ ಮಿತಿ

ಡಿಸ್ಕು ಕೆಟ್ಟಿತೆಂದೊಡನೆ ಚೆಕ್‌ಡಿಸ್ಕ್ ಆದೇಶವನ್ನು ನಡೆಸುವುದು ವಾಡಿಕೆ. ಬರಿಯ ಆದೇಶವು ಪರೀಕ್ಷಿಸಿ ವರದಿ ಮಾಡುತ್ತದೆಯೇ ಹೊರತು ತಿದ್ದುವುದಿಲ್ಲ. 'ಎಫ್' ಸೂಚಕವನ್ನು ಸೇರಿಸಿದರೆ ತಿದ್ದುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಸಾಧನದ ಗುರಿ ಪಟ್ಟಿಯನ್ನು ಅಂತರ್ವಿರೋಧವಿಲ್ಲದಂತೆ ಮಾಡುವುದು; ಪ್ರತಿಯೊಂದು ಫೈಲನ್ನೂ ಉಳಿಸುವುದಲ್ಲ. ಹೊಂದದ ದಾಖಲೆಗಳನ್ನು ಅದು ತೆಗೆದುಹಾಕಬಹುದು; ನೆಲೆ ತಪ್ಪಿದ ಅಂಶಗಳನ್ನು ಹೆಸರು ಕಳೆದು 'ಫೌಂಡ್' ಎಂಬ ಕೋಶದಲ್ಲಿ ಕೂಡಿಡಬಹುದು. ಮಾತೃಪ್ರತಿಯ ಮೇಲೆಯೇ ತನಗೆ ತೋರಿದಂತೆ ತಿದ್ದಿ, ಹಳೆಯ ಪಾಠವನ್ನು ಹೆರೆದುಹಾಕುವ ಲಿಪಿಕಾರನನ್ನು ಯಾವ ಸಂಪಾದಕನೂ ಮೆಚ್ಚಲಾರನು. ಆದಕಾರಣ ತಿದ್ದುವ ಪ್ರಯೋಗವೇನಿದ್ದರೂ ಯಥಾಪ್ರತಿಯ ಮೇಲೆ ನಡೆಯತಕ್ಕದ್ದು. ಪ್ರಯೋಗಕ್ಕೊಂದರಂತೆ ಪ್ರತಿಯಿದ್ದರೆ ಮತ್ತೂ ಲೇಸು.

ಎನ್‌ಟಿಎಫ್‌ಎಸ್ ತನ್ನ ಪ್ರಧಾನ ಪಟ್ಟಿಯ ಮೊದಲ ನಾಲ್ಕು ದಾಖಲೆಗಳ ನಕಲನ್ನು ಬೇರೊಂದೆಡೆ ಇರಿಸಿಕೊಂಡಿರುತ್ತದೆ. ಅದರ ಸಹಾಯದಿಂದ ಟೆಸ್ಟ್‌ಡಿಸ್ಕ್ ತಂತ್ರಾಂಶವು ಕೆಲವೊಮ್ಮೆ ಪಟ್ಟಿಯನ್ನು ಮರಳಿ ನಿಲ್ಲಿಸಬಲ್ಲುದು. ಅದೂ ಫಲಿಸದಿದ್ದರೆ ಫೋಟೋರೆಕ್ ಉಂಟು. ಇದು ಪಟ್ಟಿಯನ್ನು ಬದಿಗಿಟ್ಟು, ಫೈಲುಗಳ ಆದಿಚಿಹ್ನೆಗಳನ್ನು ಹುಡುಕುತ್ತದೆ. ಜೆಪೆಗ್ ಚಿತ್ರವು ನಿಯತವಾದ ಕೆಲವು ಬೈಟುಗಳಿಂದಲೇ ತೊಡಗುವುದರಿಂದ ಇದು ಸಾಧ್ಯವಾಗುತ್ತದೆ. ಆದರೆ ಫೈಲಿನ ಹೆಸರುಗಳು ಉಳಿಯುವುದಿಲ್ಲ. ಭಾಗಗಳು ಚದುರಿದ್ದರೆ ಒಂದು ಗರಿಯ ಚಿತ್ರದೊಳಗೆ ಮತ್ತೊಂದರ ಅಂಶ ಸೇರಿಕೊಳ್ಳಲೂಬಹುದು. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ತೆರೆದು ನೋಡಬೇಕು. ಚಿತ್ರದೊಳಗೇ ದಾಖಲಾಗಿರುವ ಕಾಲವನ್ನೂ ಗರಿಯ ಅಂಚಿನ ಪತ್ರಸಂಖ್ಯೆಯನ್ನೂ ಜೊತೆಯಾಗಿಟ್ಟುಕೊಂಡು ಅನುಕ್ರಮವನ್ನು ನಿರ್ಣಯಿಸಬೇಕು. ಈ ಭಾಗದಲ್ಲಿ ಗಣಕತಜ್ಞನಿಗಿಂತ ಲಿಪಿಜ್ಞನೇ ಅಧಿಕಾರಿ. ಎಸ್‌ಎಸ್‌ಡಿ ಬಗೆಯ ಡಿಸ್ಕುಗಳಲ್ಲಿ, ಅಳಿಸಿದ ಫೈಲುಗಳ ಸ್ಥಳವನ್ನು ಯಂತ್ರವು ತಾನಾಗಿ ಬರಿದುಮಾಡುವುದರಿಂದ ಈ ಉಪಾಯವು ಫಲಿಸುವ ಸಂಭವ ಕಡಿಮೆ.

ಸಂರಕ್ಷಣೆಯ ಮಾರ್ಗ

ಒಂದೇ ಪ್ರತಿಯನ್ನು ನಂಬಿರುವ ಗ್ರಂಥಕ್ಕೆ ಯಾವ ದುರಸ್ತಿಯೂ ಭದ್ರತೆಯಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಸುಪ್ರಸಿದ್ಧ. ಮೂಡಬಿದಿರೆಯಲ್ಲಿ ರಕ್ಷಿತವಾಗಿದ್ದ ಧವಲಾ ಓಲೆಗಳಿಂದ ಪ್ರತಿಗಳು ಸಿದ್ಧವಾದುದರಿಂದಲೇ 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಗಿ ಹೊರಬರುವುದು ಸಾಧ್ಯವಾಯಿತು. ಡಿಸ್ಕಿಗೂ ಈ ನ್ಯಾಯವೇ ಅನ್ವಯಿಸುತ್ತದೆ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ತಾನಾಗಿ ನಕಲಾಗುವ ಪ್ರತಿಯೊಂದನ್ನೇ ನೆಚ್ಚಬಾರದು, ಏಕೆಂದರೆ ಅದು ಕೇಡನ್ನೂ ನಕಲುಮಾಡಬಹುದು. ಪ್ರತಿಯೊಂದು ಫೈಲಿಗೂ ಎಸ್‌ಎಚ್‌ಎ-256 ಎಂಬ ಪರಿಶೀಲನಾಸಂಖ್ಯೆಯನ್ನು ತೆಗೆದಿರಿಸಿ, ವರ್ಷಕ್ಕೊಮ್ಮೆಯಾದರೂ ತಾಳೆನೋಡಿದರೆ ಒಂದು ಬೈಟು ವ್ಯತ್ಯಾಸವಾದರೂ ತಿಳಿದುಬರುತ್ತದೆ. ಆಗ ಕೆಟ್ಟ ಪ್ರತಿಯನ್ನು ಶುದ್ಧಪ್ರತಿಯಿಂದ ಸರಿಪಡಿಸಿಕೊಳ್ಳಲು ಅವಕಾಶ ಉಳಿದಿರುತ್ತದೆ. ಶಾಸ್ತ್ರದಾನವನ್ನು ಧರ್ಮವೆಂದು ಬಗೆದ ಪರಂಪರೆಗೆ ಪ್ರತಿಮಾಡಿ ಹಂಚುವುದು ಹೊಸ ಪಾಠವೇನಲ್ಲ.