ಬಣವೆಗೆ ಬೆಂಕಿ ಹಚ್ಚಿದವರು ಯಾರು?

ಸಿನಿಮಾದ ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಗಿಂದ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಬಯಲುಸೀಮೆಯ ತಾಲ್ಲೂಕು ಠಾಣೆಯವರು ಬೇಸಿಗೆಯಲ್ಲಿ ರಾತ್ರಿಯೆಲ್ಲಾ ಹುಲ್ಲು ಕೆದಕುತ್ತಾರೆ. ಬಣವೆಯ ಬೆಂಕಿ ಮಹಾ ಮೊಂಡು. ನೀರು ಬಿದ್ದೊಡನೆ ಮೇಲಿನ ಉರಿ ಅಡಗುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಜೆಸಿಬಿ ತರಿಸಿ ಬಗೆದು, ಹುಲ್ಲು ಹರಡಿ ಮತ್ತೆ ನೀರು ಹೊಡೆಯಬೇಕು. ಜಲವಾಹನದಲ್ಲಿ ಸಾಮಾನ್ಯವಾಗಿ ಇರುವುದು 4,500 ಲೀಟರಿನಷ್ಟು ನೀರು. ಅದು ಮುಗಿದರೆ ಕೆರೆ, ಬೋರ್‌ವೆಲ್ ಹುಡುಕಬೇಕು.

ಬೆಂಕಿ ಆರುವ ಮೊದಲೇ ಊರಿನವರ ಬಾಯಲ್ಲಿ ಒಂದು ಹೆಸರು ಸಿದ್ಧವಾಗಿರುತ್ತದೆ. ಬದುವಿನ ಜಗಳ, ಚುನಾವಣೆಯ ಸೇಡು, ಕಾರಣಗಳಿಗೇನು ಬರ! ಅನುಭವಿ ಠಾಣಾಧಿಕಾರಿ ನೋಡುವುದೇ ಬೇರೆ. ಹಸಿ ಹುಲ್ಲು ಒಟ್ಟಿದ್ದರೆ ಒಳಗೇ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಆಗ ನಡುಭಾಗ ಮೊದಲು ಕರಕಲಾಗಿರುತ್ತದೆ. ಹೊರಗಿನಿಂದ, ಅದರಲ್ಲೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ಹೊತ್ತಿದ್ದರೆ ಅನುಮಾನಕ್ಕೆ ಜಾಗ ಉಂಟು. ಮೇಲೆ ಕರೆಂಟ್ ತಂತಿ ಹಾದುಹೋಗಿದೆಯೇ ಎಂದೂ ಕತ್ತೆತ್ತಿ ನೋಡುತ್ತಾರೆ.

ಅಪರಾಧದ ತನಿಖೆ ಮಾತ್ರ ಪೊಲೀಸರದ್ದು. ಬೂದಿ, ಸುಟ್ಟ ಬಟ್ಟೆಯ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು, ಇಲ್ಲವಾದರೆ ಪೆಟ್ರೋಲಿನ ಅಂಶ ಆರಿಹೋಗುತ್ತದೆ. ಮನೆಗೆ ಬೆಂಕಿಯಿಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯಡಿ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಆದರೆ ಬೂದಿ, ಬಟ್ಟೆಯ ಆ ಸಾಕ್ಷ್ಯವನ್ನು ಮೊದಲು ಕಂಡವರೂ, ನೀರು ಹೊಡೆದು ಅಷ್ಟಿಷ್ಟು ಕೆಡಿಸಬೇಕಾದವರೂ ಅಗ್ನಿಶಾಮಕರೇ. ಏನೂ ತೋಚದಿದ್ದಾಗ ‘ಶಾರ್ಟ್ ಸರ್ಕ್ಯೂಟ್’ ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನನಗಂತೂ ಸರಿಕಾಣುವುದಿಲ್ಲ. ತಂತಿ ಕರಗಿದ್ದರಿಂದ ಬೆಂಕಿ ಬಿತ್ತೋ, ಬೆಂಕಿಗೇ ತಂತಿ ಕರಗಿತೋ ನೋಡಬೇಡವೇ?

ಸಣ್ಣ ಊರಿನಲ್ಲಿ ಬೆಂಕಿಯ ಕಾರಣ ಬರೆಯುವ ಈ ವರದಿ ಠಾಣಾಧಿಕಾರಿಯ ಮನೆಯವರೆಗೂ ಬರುತ್ತದೆ. ಅಂಗಡಿ ಸುಟ್ಟವರಿಗೆ ವಿಮೆಗೆ ಅದು ಬೇಕು. “ಸ್ವಲ್ಪ ನೋಡ್ಕೊಂಡು ಬರೀರಿ ಸಾರ್” ಎನ್ನುವವನು ಹೆಂಡತಿಯ ತವರಿನ ಕಡೆಯವನೇ ಆಗಿರಬಹುದು. ಇಲ್ಲವೆಂದರೆ ಮುಂದಿನ ಮದುವೆಯಲ್ಲಿ ಮುಖ ತಿರುಗಿಸುವುದು ಖಂಡಿತ. ಠಾಣೆಯ ಆವರಣದಲ್ಲೇ ಕ್ವಾರ್ಟರ್ಸ್ ಇರುವ ಕಡೆ ಗಂಟೆ ಹೊಡೆದದ್ದು ಅಡುಗೆಮನೆಗೂ ಕೇಳುತ್ತದೆ. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ. ವಾಪಸು ಬಂದವರ ಯೂನಿಫಾರ್ಮಿನ ಹೊಗೆ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ, ಅವರು ಕಂಡದ್ದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಇವರಿಗೂ ವರ್ಷದಲ್ಲಿ ಒಂದು ದಿನ ಮೀಸಲಿದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಆ ದಿನ ಅಗ್ನಿಶಾಮಕ ಸೇವಾ ದಿನ. ಆ ವಾರವಿಡೀ ಶಾಲೆಗಳಲ್ಲಿ ಅಣಕು ಪ್ರದರ್ಶನ. ದೀಪಾವಳಿಯ ಮಾತೇ ಬೇರೆ. ಪಟಾಕಿಯ ಆ ದಿನಗಳಲ್ಲಿ ರಜೆ ಕೇಳುವ ಗೋಜಿಗೆ ಹೋಗದೆ, ಹೆಂಡತಿ ಮಕ್ಕಳನ್ನು ಊರಿನ ಬಸ್ಸು ಹತ್ತಿಸಿ ಡ್ಯೂಟಿಗೆ ಬರುವವರೇ ಹೆಚ್ಚು.